ಬೆಟ್ಟದ ಪುಸ್ತಕದ ಕೊನೆಯ ಖಾನೆ

ಕ್ರೂನ್‌ಸ್ಟಾಡ್, ಮಂಗಳವಾರ ಬೆಳಿಗ್ಗೆ

ವೆಸೆಲ್,

ಮೊದಲು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹನ್ನೊಂದು ವರ್ಷದ ಹಿಂದೆ, ಬೆಟ್ಟದ ಕೆಳಗಿನ ಆ ಪುಸ್ತಕದಲ್ಲಿ, ನಿನ್ನ ಹೆಸರಿನ ಸಾಲಿನ ಕೊನೆಯ ಖಾನೆಯಲ್ಲಿ, ನಾಲ್ವರೂ ವಾಪಸು ಬಂದಾಯಿತು ಎಂದು ರೈಟ್ ಗುರುತು ಹಾಕಿದ್ದು ನೀನಲ್ಲ. ನಾನು. ಕಾಗದವನ್ನು ಇಲ್ಲಿಗೇ ಮಡಚಿಟ್ಟರೂ ಸರಿಯೇ, ಇಷ್ಟು ನಿನಗೆ ತಲುಪಿದರೆ ಸಾಕು. ಉಳಿದದ್ದು, ಅದು ಹೇಗಾಯಿತು, ಆಮೇಲೆ ನಾನು ಹೇಗೆ ಬಾಯಿ ಮುಚ್ಚಿಕೊಂಡು ಕುಳಿತೆ ಎಂಬುದು. ಅದನ್ನೂ ಬರೆಯದಿದ್ದರೆ ನೀನು ನಂಬುವುದಿಲ್ಲ. ಗಂಡ ಹೋದ ಸಂಕಟದಲ್ಲಿ ಅತ್ತೆ ಏನೋ ಹೇಳುತ್ತಿದ್ದಾರೆ, ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾರೆ ಎಂದುಕೊಳ್ಳುತ್ತೀಯ. ನಿನ್ನ ಬುದ್ಧಿ ನನಗೆ ಗೊತ್ತು.

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಡೈರಿ ಬರೆಯುತ್ತೇನೆ, ದಿನಕ್ಕೆ ಮೂರು ಸಾಲು. ಚಳಿ ಎಷ್ಟು, ಅಡುಗೆ ಏನು, ಯಾರು ಬಂದರು. ಆ ವರ್ಷದ ಡೈರಿಯನ್ನು ಮುಂದೆ ತೆರೆದಿಟ್ಟುಕೊಂಡಿದ್ದೇನೆ. ಜುಲೈ ತಿಂಗಳ ಆ ಮೂರು ದಿನಗಳಲ್ಲಿ ಎಲ್ಲವೂ ಇದೆ. ಆ ಗುರುತು ಮಾತ್ರ ಇಲ್ಲ. ಯಾರೂ ಓದದ ನನ್ನ ಸ್ವಂತ ಪುಸ್ತಕಕ್ಕೂ ನಾನು ಅದನ್ನು ಹೇಳಿರಲಿಲ್ಲ.

ನೀನು ನಮ್ಮ ಮನೆಯ ಅಳಿಯನಾದ ಮೇಲೆ ನಮ್ಮ ಜೊತೆ ಬಂದ ಮೊದಲ ಪ್ರವಾಸ ಅದು. ನಿನ್ನ ಮಾವ ಫಾನ್‌ಗೆ ಸಹಕಾರ ಸಂಘದ ಲಾರಿ ಓಡಿಸುವ ಕೆಲಸದಿಂದ ವರ್ಷಕ್ಕೆ ಎರಡು ವಾರ ರಜೆ. ಆ ಎರಡು ವಾರ ಕಾರಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಊರು ಬಿಡದಿದ್ದರೆ ಅವರಿಗೆ ಕಾಯಿಲೆ ಬಂದಂತಾಗುತ್ತಿತ್ತು. ಬೆಥ್ಲೆಹೆಮ್ ದಾಟಿ, ಕೆಂಪು ಬಂಡೆಗಳ ಕೆಳಗೆ ಎರಡು ದಿನ, ಅಣೆಕಟ್ಟಿನ ದಂಡೆಯಲ್ಲಿ ಎರಡು ದಿನ, ಆಮೇಲೆ ಘಾಟಿ ಇಳಿದು ಡ್ರೇಕನ್ಸ್‌ಬರ್ಗ್ ಬೆಟ್ಟದ ಬುಡಕ್ಕೆ. ಜುಲೈಯ ಚಳಿಗೆ ಹುಲ್ಲೆಲ್ಲ ಒಣಗಿ ಹಳದಿಯಾಗಿತ್ತು. ಬೆಂಕಿ ಹರಡದಂತೆ ಮೊದಲೇ ಸುಟ್ಟಿದ್ದ ಕರಿ ಪಟ್ಟಿಗಳು ಗುಡ್ಡದ ಮೇಲೆ ಹೊಲಿಗೆ ಹಾಕಿದ ಹಾಗೆ ಕಾಣುತ್ತಿದ್ದವು. ನಮ್ಮ ಇಲ್ಸೆ ಆಗ ನಾಲ್ಕು ತಿಂಗಳ ಬಸುರಿ. ದಾರಿಯುದ್ದಕ್ಕೂ ಒಣ ಮಾಂಸದ ವಾಸನೆ ಆಗದೆ, ಅವಳಪ್ಪ ತಿನ್ನುತ್ತಿದ್ದ ಬಿಲ್ಟಾಂಗ್ ಪೊಟ್ಟಣವನ್ನು ಕಾರಿನ ಡಿಕ್ಕಿಗೆ ಹಾಕಿಸಿದ್ದಳು. ಫಾನ್ ಪ್ರತಿ ಪೆಟ್ರೋಲ್ ಬಂಕಿನಲ್ಲೂ ಇಳಿದು ಡಿಕ್ಕಿ ತೆಗೆದು ಅಲ್ಲೇ ನಿಂತು ತಿಂದು ಬರುತ್ತಿದ್ದರು. ನಿನಗೂ ಒಂದು ತುಂಡು ಕದ್ದು ತಂದುಕೊಡುತ್ತಿದ್ದರು.

ಕ್ಯಾರವಾನನ್ನು ರಿವರ್ಸ್ ತೆಗೆದು ಜಾಗದಲ್ಲಿ ನಿಲ್ಲಿಸುವುದು ನಮ್ಮ ಮನೆಯ ವರ್ಷದ ಜಗಳ. ನಾನು ಹಿಂದೆ ನಿಂತು ಕೈಸನ್ನೆ ಮಾಡಬೇಕು, ಅವರು ಕನ್ನಡಿಯಲ್ಲಿ ನೋಡಬೇಕು. "ಬಲಕ್ಕೆ ಅಂದ್ರೆ ಯಾರ ಬಲಕ್ಕೆ ಆಲೆಟಾ, ನಿನ್ನ ಬಲಕ್ಕಾ ನನ್ನ ಬಲಕ್ಕಾ?" ಎಂದು ಅವರು ಕೂಗಿದರೆ, ಅಕ್ಕಪಕ್ಕದ ಡೇರೆಯವರು ಕಾಫಿ ಹಿಡಿದುಕೊಂಡು ನಾಟಕ ನೋಡಲು ಕುಳಿತಂತೆ ಕೂರುತ್ತಿದ್ದರು. ಆ ಸಲ ನೀನು ಒಂದು ಕೋಲು ನೆಟ್ಟು, "ಅಪ್ಪ ಇದನ್ನೇ ನೋಡ್ಕೊಂಡು ಬರ್ಲಿ" ಎಂದೆ. ಒಂದೇ ಸಲಕ್ಕೆ ಬಂತು. ಆಮೇಲೆ ನೀನು ಚೀಲದಿಂದ ರಸಮಟ್ಟ ತೆಗೆದು ನೆಲದ ಮೇಲಿಟ್ಟು, ಚಕ್ರದ ಕೆಳಗೆ ಹಲಗೆ ಕೊಟ್ಟು, ಮತ್ತೆ ಇಟ್ಟು ನೋಡಿದೆ.

"ಮಲಗೋದು ಕಣಪ್ಪಾ ಇದರಲ್ಲಿ, ಬಿಲಿಯರ್ಡ್ಸ್ ಆಡೋದಲ್ಲ" ಎಂದರು ಫಾನ್.

"ಒಂದಿಂಚು ತಗ್ಗಿದ್ರೂ ಅಮ್ಮ ನಿದ್ದೇಲಿ ಅಪ್ಪನ ಮೇಲೆ ಉರುಳಿ ಬರ್ತಾರೆ."

"ಮೂವತ್ತು ವರ್ಷದಿಂದ ಉರುಳಿ ಬರ್ತಾನೇ ಇದಾಳೆ, ಯಾವ ಹಲಗೆ ಇಟ್ರೂ ನಿಂತಿಲ್ಲ."

ಅವರು ಅಷ್ಟು ನಕ್ಕಿದ್ದನ್ನು ನಾನು ಕಂಡದ್ದು ಕಡಿಮೆ. ಆ ಸಂಜೆ ಕೆಂಡದ ಮೇಲೆ ಮಾಂಸ ತಿರುವುತ್ತ ನನ್ನ ಕಿವಿಯ ಹತ್ತಿರ ಬಂದು, "ಹುಡುಗ ಎರಡೆರಡು ಸಲ ಅಳೀತಾನೆ ಕಣೆ, ಇಲ್ಸೆಗೆ ಒಳ್ಳೆಯವನೇ ಸಿಕ್ಕಿದಾನೆ" ಎಂದರು. ಇದನ್ನು ಅವರು ನಿನಗೆ ಎಂದೂ ಹೇಳಿರಲಾರರು. ಎರಡೆರಡು ಸಲ ಅಳೆಯುವವನು. ಆಮೇಲಿನ ಹನ್ನೊಂದು ವರ್ಷವೂ ನಿನ್ನನ್ನು ಹಾಗೇ ಕರೆಯಬೇಕಿತ್ತು.

ಮಾರನೆಯ ದಿನ ನೀನೂ ಫಾನೂ ಗುಹೆಯಲ್ಲಿ ಒಂದು ರಾತ್ರಿ ಮಲಗಿ ಬರುವುದು, ನಾನೂ ಇಲ್ಸೆಯೂ ಹಳ್ಳದವರೆಗೆ ಬಂದು ಹಿಂದಿರುಗುವುದು ಎಂದು ಮಾತಾಯಿತು. ದಾರಿ ಶುರುವಾಗುವಲ್ಲಿ ತಗಡಿನ ಚಾವಣಿಯ ಕೆಳಗೆ ಮರದ ಪೆಟ್ಟಿಗೆ, ಅದರೊಳಗೆ ಬೆಟ್ಟದ ಪುಸ್ತಕ, ದಾರ ಕಟ್ಟಿದ ಪೆನ್ನು. ನೀನು ನಿಧಾನವಾಗಿ ತುಂಬಿದೆ. ಎಷ್ಟು ಜನ, ಯಾವ ದಾರಿ, ಡೇರೆ ಇದೆಯೇ, ಕಾರಿನ ನಂಬರು, ಯಾರು ಯಾವ ದಿನ ವಾಪಸು. ಕೊನೆಯ ಖಾನೆಯನ್ನು ಖಾಲಿ ಬಿಟ್ಟೆ. ಬರೆದು ಮುಗಿಸಿ, "ನಾಳೆ ಮಧ್ಯಾಹ್ನದೊಳಗೆ ಬರದಿದ್ರೆ ಇಲ್ಲಿನ ಆಫೀಸಿನವರೇ ಹುಡುಕ್ಕೊಂಡು ಬರ್ತಾರೆ, ಅಮ್ಮ ಹೆದರೋದು ಬೇಡ" ಎಂದೆ. ನನಗೆ ಎಲ್ಲವೂ ನೆನಪಿದೆ.

ಹಳ್ಳದ ಹತ್ತಿರ ನಿಮ್ಮನ್ನು ಬೀಳ್ಕೊಟ್ಟು ನಾನೂ ಇಲ್ಸೆಯೂ ಇಳಿದೆವು. ಕೆಳಗೆ ಬರುವಷ್ಟರಲ್ಲಿ ಸಣ್ಣ ಆಲಿಕಲ್ಲು ಶುರುವಾಯಿತು. ಅವಳು ಶೌಚಾಲಯಕ್ಕೆಂದು ಮುಂದೆ ಓಡಿದಳು. ನಾನು ಪೆಟ್ಟಿಗೆಯ ಹತ್ತಿರ ನಿಂತೆ. ನಾವು ಬಂದದ್ದನ್ನು ಬರೆಯಬೇಕಲ್ಲ ಎಂದುಕೊಂಡೆ. ಕನ್ನಡಕ ಕ್ಯಾರವಾನಿನಲ್ಲಿತ್ತು. ನಾನು ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು. ನಮೂನೆ ತುಂಬುವ ಕೆಲಸವೆಲ್ಲ ಫಾನ್‌ದು, ಅವರಿಲ್ಲದಿದ್ದರೆ ಇಲ್ಸೆಯದು. ಆದರೆ ಇಪ್ಪತ್ತು ವರ್ಷ ಶಾಲೆಯ ಹಾಸ್ಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ನಾನೂ ಒಂದು ಪುಸ್ತಕ ಇಟ್ಟವಳೇ. ಹಾಸಿಗೆ ಬಟ್ಟೆ ಒಗೆದು ಬಂದರೆ ಸಾಲಿನ ಕೊನೆಯ ಖಾನೆಯಲ್ಲಿ ಒಂದು ರೈಟು. ಓದುವ ಕೆಲಸವಿಲ್ಲ. ಕೊನೆಯ ಖಾನೆ ಖಾಲಿ ಇದ್ದರೆ ಗುರುತು ಎಳೆಯುವುದು, ಅಷ್ಟೆ. ನಿನ್ನ ಸಾಲು ಕಣ್ಣಿಗೆ ಬಿತ್ತು. ಎಳೆದೆ. ಯಾರ ಸಹಾಯವೂ ಇಲ್ಲದೆ ಒಂದು ಸರ್ಕಾರಿ ಪುಸ್ತಕದಲ್ಲಿ ಬರೆದೆನಲ್ಲ ಎಂದು ಒಳಗೊಳಗೇ ಸ್ವಲ್ಪ ಹಿಗ್ಗಿದೆ ಕೂಡ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಇರಲಿ. ಆ ಗುರುತನ್ನು ಮಾತ್ರ ನಾನು ಅಪರಾಧವೆನ್ನುವುದಿಲ್ಲ. ಅಲ್ಲಿಯವರೆಗೆ ನಾನು ಬರಿಯ ಪೆದ್ದಿ.

ಮಾರನೆಯ ದಿನದ ಡೈರಿಯಲ್ಲಿ ಹೀಗಿದೆ: 'ಬೆಟ್ಟದ ತುದಿ ಕಾಣಲಿಲ್ಲ. ಬಟಾಣಿ ಸೂಪು. ಗಂಡಸರು ಬಂದಿಲ್ಲ.' ಮಧ್ಯಾಹ್ನ ಮೂರರ ಹೊತ್ತಿಗೆ ಇಲ್ಸೆ ಕೋಟು ಹಾಕಿಕೊಂಡು ನಿಂತಳು.

"ಅಮ್ಮಾ, ಆಫೀಸಿಗೆ ಹೋಗಿ ಹೇಳೋಣ."

"ಪುಸ್ತಕ ಇದೆಯಲ್ಲೇ. ಅವರೇ ನೋಡ್ತಾರೆ. ಎರಡು ಗಂಟೆ ತಡ ಆಗಿದ್ದಕ್ಕೆ ಊರೆಲ್ಲ ಎಬ್ಬಿಸಿದ್ರೆ ನಿಮ್ಮಪ್ಪ ವರ್ಷವಿಡೀ ಅದನ್ನೇ ಹೇಳ್ತಾರೆ."

"ಮೂರು ಗಂಟೆ ಆಯ್ತಮ್ಮಾ."

"ಕೂತ್ಕೋ. ಹೊಟ್ಟೆಲಿರೋ ಮಗೂಗೆ ಚಳಿ ಆಗುತ್ತೆ."

ಸೂರ್ಯ ಮುಳುಗುವ ಹೊತ್ತಿಗೆ ಕಾವಲಿನವನು ಬಂದ. ಕ್ಯಾರವಾನಿನ ಕಿಟಕಿಯಿಂದ ನಾನೇ ನೋಡಿದೆ. ಪೆಟ್ಟಿಗೆಯ ಮುಚ್ಚಳ ಎತ್ತಿದ, ಬೆರಳಿಟ್ಟು ಒಂದೊಂದೇ ಸಾಲು ನೋಡಿದ, ಮುಚ್ಚಿದ, ಶಿಳ್ಳೆ ಹಾಕುತ್ತ ಹೋದ. "ನೋಡಿದೆಯಾ, ಅವನು ನೋಡ್ಕೊಂಡ. ಇನ್ನು ಜನ ಹೊರಡ್ತಾರೆ" ಎಂದು ಇಲ್ಸೆಗೆ ಹೇಳಿದೆ. ಅವನ ತಪ್ಪೇನೂ ಇರಲಿಲ್ಲ. ಎಲ್ಲರೂ ಬಂದಿದ್ದಾರೆ ಎಂದು ನಾನೇ ಬರೆದಿದ್ದೆ.

ಆ ಹೊತ್ತಿಗೆ ನೀವು ಮೇಲೆ ಬೆಳಿಗ್ಗೆ ಎಂಟು ಗಂಟೆಯಿಂದ ಕುಳಿತಿದ್ದಿರಿ. ಗುಹೆಯಿಂದ ಇಳಿಯುವ ಮೆಟ್ಟಿಲಿನಂಥ ಬಂಡೆಯ ಮೇಲೆ ನೀರು ಗಟ್ಟಿಯಾಗಿ, ಫಾನ್ ಕಾಲು ಜಾರಿ, ಮೊಣಕಾಲ ಕೆಳಗೆ ಮೂಳೆ ಮುರಿದಿತ್ತು. ನೀನು ಬೆಲ್ಟು ಬಿಚ್ಚಿ, ಮುರಿದ ಕಾಲಿಗೆ ಊರುಗೋಲನ್ನು ಆಧಾರವಾಗಿ ಕಟ್ಟಿದೆ. ನಿನ್ನ ಮಲಗುವ ಚೀಲವನ್ನೂ ಅವರ ಮೇಲೆ ಹೊದಿಸಿದೆ. ಮೂರು ಗಂಟೆ ನಡೆದರೆ ಕೆಳಗೆ ಬಂದು ಜನ ಕರೆಯಬಹುದಿತ್ತು. ಮಂಜು ಕವಿದಿತ್ತು, ಅವರನ್ನು ಒಬ್ಬರನ್ನೇ ಬಿಡಲು ನಿನಗೆ ಮನಸ್ಸಾಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಪುಸ್ತಕ ಇತ್ತು. ಮಧ್ಯಾಹ್ನವಾದರೆ ಬರುತ್ತಾರೆ, ಸಂಜೆಯಾದರೆ ಬರುತ್ತಾರೆ ಎಂದು ನೀನು ಅರ್ಧ ಗಂಟೆಗೊಮ್ಮೆ ಶಿಳ್ಳೆ ಊದುತ್ತ ಕುಳಿತೆ. "ಅಪ್ಪನೇ ಹೇಳಿದ್ರು, ಪುಸ್ತಕ ಇದೆ ಕೂರು ಅಂತ" ಎಂದು ನೀನು ಆಮೇಲೆ ಒಂದೇ ಒಂದು ಸಲ ಹೇಳಿದೆ. ಫಾನ್, "ನನಗೆ ಜ್ಞಾಪಕ ಇಲ್ಲ" ಎಂದರು. ಹಾಗೆ, ಕೆಳಗೆ ನಾನು, ಮೇಲೆ ನೀನು, ಇಬ್ಬರೂ ಒಂದೇ ಪುಸ್ತಕವನ್ನು ನಂಬಿ ಕುಳಿತಿದ್ದೆವು.

ಈಗ ಆಫೀಸಿನ ಮಾತು. ಇದನ್ನು ಬರೆಯುವ ಮೊದಲು ಎದ್ದು ಎರಡು ಸಲ ಅಡುಗೆಮನೆಗೆ ಹೋಗಿ ಬಂದೆ.

ಮಾರನೆಯ ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದ ಕೂಡಲೇ ನಾನೂ ಇಲ್ಸೆಯೂ ಒಳಗೆ ಹೋದೆವು. ನೊಂಬುಸೊ ಎಂಬ ಹುಡುಗಿ ಮೇಜಿನ ಹಿಂದೆ ಇದ್ದಳು. ಪುಸ್ತಕ ತರಿಸಿ ನೋಡಿದಳು. "ನೀವು ನಾಲ್ಕೂ ಜನ ಬಂದಾಯ್ತು ಅಂತ ಇದೆಯಲ್ಲ ಅಮ್ಮಾ. ಮೊನ್ನೆ ಸಂಜೆ ಕಾವಲಿನವರೂ ಹಾಗೇ ಬರ್ಕೊಂಡಿದಾರೆ" ಎಂದು ಪುಸ್ತಕವನ್ನು ನಮ್ಮ ಕಡೆ ತಿರುಗಿಸಿದಳು.

ಆಗ ಕನ್ನಡಕ ಹಾಕಿಕೊಂಡಿದ್ದೆ. ಖಾನೆಯ ತಲೆಯ ಮೇಲೆ ಏನು ಬರೆದಿದೆ ಎಂದು ಓದಿದೆ. ಅದರ ಕೆಳಗೆ ನನ್ನ ಗುರುತು, ಬಾಲ ಉದ್ದ ಎಳೆದದ್ದು, ಹಾಸ್ಟೆಲಿನ ಪುಸ್ತಕದಲ್ಲಿ ಸಾವಿರ ಸಲ ಎಳೆದಂಥದ್ದು.

"ಇದನ್ನ ಯಾರು ಬರೆದಿದ್ದು?" ಎಂದಳು.

ಇಲ್ಸೆ ನನ್ನ ಮುಖ ನೋಡಿದಳು. ನಾನು ಹೇಳಿದೆ: "ಪುಸ್ತಕ ತುಂಬಿದ್ದು ನನ್ನ ಅಳಿಯ."

ನಾನು ಸುಳ್ಳು ಹೇಳಲಿಲ್ಲ, ವೆಸೆಲ್. ಹನ್ನೊಂದು ವರ್ಷ ನಾನು ನನಗೇ ಹೇಳಿಕೊಂಡದ್ದು ಇದನ್ನೇ. ಪುಸ್ತಕ ತುಂಬಿದ್ದು ನೀನೇ. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಮೈಯೆಲ್ಲ ನಿಜವಾಗಿದ್ದ ಆ ಮಾತಿನಿಂದ ನಾನು ನಿನ್ನನ್ನು ಮುಗಿಸಿದೆ. ಇಲ್ಸೆ, "ವೆಸೆಲ್ ಹಾಗೆ ಮಾಡಲ್ಲ" ಎಂದಳು. ಒಂದು ಗಳಿಗೆ ಬಿಟ್ಟು, "ಎಲ್ಲಾ ಖಾನೇನೂ ತುಂಬಬೇಕು ಅಂತ ತುಂಬಿರಬೇಕು. ಖಾಲಿ ಬಿಟ್ರೆ ವೆಸೆಲ್‌ಗೆ ಆಗಲ್ಲ" ಎಂದು ತಾನೇ ಕಾರಣವನ್ನೂ ಹುಡುಕಿದಳು. ನಾನು ಸುಮ್ಮನಿದ್ದೆ. ನೊಂಬುಸೊ ಅಷ್ಟರಲ್ಲಿ ಫೋನು ಎತ್ತಿದ್ದಳು.

ಸಂಜೆ ನಾಲ್ಕು ಗಂಟೆಗೆ ಫಾನ್‌ರನ್ನು ಹೊತ್ತು ತಂದರು. ನೀನು ಹಿಂದೆ ನಡೆದು ಬಂದೆ. ತುಟಿ ಒಡೆದು ರಕ್ತ ಹೆಪ್ಪುಗಟ್ಟಿತ್ತು. ನೀನು ಮೊದಲು ಹೇಳಿದ ಮಾತು, "ಯಾಕೆ ಇಷ್ಟು ಹೊತ್ತು? ಪುಸ್ತಕ ಇತ್ತಲ್ಲ?"

ಇಲ್ಸೆ ಅಳುತ್ತ, "ನೀನೇ ಗುರುತು ಹಾಕಿದ್ದೆ ವೆಸೆಲ್, ಎಲ್ಲರೂ ಬಂದಿದಾರೆ ಅಂತ" ಎಂದಳು.

"ನಾನಾ?" ಎಂದೆ ನೀನು. ನಿನ್ನ ಕೈ ನೋಡಿಕೊಂಡೆ. ನೀನು ಜಗಳವಾಡುತ್ತೀಯ, ಪುಸ್ತಕ ತೋರಿಸಿ ಎನ್ನುತ್ತೀಯ, ಆಗ ನಾನು ಒಪ್ಪಿಕೊಂಡುಬಿಡುತ್ತೇನೆ ಎಂದು ನಾನು ಅಲ್ಲೇ ನಿಂತು ಕಾದೆ. ನೀನು ರಾತ್ರಿಯಿಡೀ ನಿದ್ದೆಗೆಟ್ಟಿದ್ದೆ. "ಇರಬಹುದು" ಎಂದೆ.

ಆ ಒಂದು ಮಾತು ನನ್ನನ್ನು ಉಳಿಸಿತು. ನಿನಗೆ ಅದು ಏನು ಮಾಡಿತು ಎಂದು ನಾನು ವರ್ಷಗಟ್ಟಲೆ ನೋಡುತ್ತ ಬಂದೆ. ಒಂದು ದಿನ ಮುಂಚೆ ತಂದಿದ್ದರೆ ಕಾಲು ಉಳಿಸಬಹುದಿತ್ತೇನೋ ಎಂದರು ಡಾಕ್ಟರು. ಮೊಣಕಾಲ ಕೆಳಗೆ ತೆಗೆದರು. ಲಾರಿ ಹೋಯಿತು, ಫಾನ್ ಸಂಘದ ಗೋದಾಮಿನ ಕಿಟಕಿಯಲ್ಲಿ ಚೀಟಿ ಹರಿಯುವವರಾದರು. ಕ್ಯಾರವಾನ್ ಮಾರಿದೆವು. ನೀನು ಬಾಗಿಲಿಗೆ ಬೀಗ ಹಾಕಿ ಮೂರು ಸಲ ತಿರುಗಿ ಬಂದು ನೋಡುವವನಾದೆ. ಇಸ್ತ್ರಿ ಆರಿಸಿದೆಯೋ ಎಂದು ಅರ್ಧ ದಾರಿಯಿಂದ ಕಾರು ತಿರುಗಿಸುತ್ತೀಯ ಎಂದು ಇಲ್ಸೆ ಫೋನಿನಲ್ಲಿ ಹೇಳುತ್ತಿದ್ದಳು. ನಿನ್ನ ಆಫೀಸಿನಲ್ಲಿ ಬರೆದು ಮುಗಿಸಿದ ನಕ್ಷೆಗಳನ್ನೂ ತಪ್ಪಿರಬಹುದೆಂದು ಕೊಡಲಾರದೆ ಇಟ್ಟುಕೊಂಡು ಕೂರುತ್ತೀಯ, ದೊಡ್ಡ ಕೆಲಸಗಳನ್ನು ಬೇರೆಯವರಿಗೆ ಕೊಟ್ಟರು ಎಂದೂ ಹೇಳಿದಳು. ನಾನು ಈರುಳ್ಳಿ ಹೆಚ್ಚುತ್ತ ಕೇಳಿಸಿಕೊಂಡೆ.

ಇನ್ನು ನಮ್ಮ ಮನೆಯವರ ತಮಾಷೆ. ಮಗುವಿನ ನಾಮಕರಣದ ದಿನ ಫಾನ್‌ರ ತಮ್ಮ ಡೆವಾಲ್ಡ್ ಕೆಂಡದ ಮುಂದೆ ನಿಂತು, "ವೆಸೆಲ್, ಸಾಸೇಜು ಎಲ್ಲಾ ಬಂತಾ? ಎಣಿಸಿ ರೈಟ್ ಹಾಕಪ್ಪಾ, ಎಣಿಸೋಕೆ ಮುಂಚೆ ಬೇಡ" ಎಂದ. ಎಲ್ಲರೂ ನಕ್ಕರು. ಫಾನ್ ಕೂಡ ನಕ್ಕರು. ನೀನೂ ನಕ್ಕೆ. ಅಂದಿನಿಂದ ನಮ್ಮಲ್ಲಿ ನಿನ್ನ ಹೆಸರೇ 'ರೈಟು' ಆಯಿತು. ಮೂರು ವರ್ಷದ ಹಿಂದೆ ಕ್ರಿಸ್‌ಮಸ್‌ಗೆ ಬಂದಾಗ ಪುಟ್ಟ ಕಾರ್ಲಿನ್ ಕಾರಿನಿಂದ ಇಳಿದು, "ಅಪ್ಪಾ, ಎಲ್ಲರೂ ಬಂದ್ವಾ? ರೈಟಾ?" ಎಂದು ಕೈ ತಟ್ಟಿ ನಕ್ಕಳು. ಅವಳಿಗೆ ಅದರ ಅರ್ಥವೂ ಗೊತ್ತಿರಲಿಲ್ಲ. ನೀನು ಡಿಕ್ಕಿಯಿಂದ ಚೀಲ ಇಳಿಸುತ್ತಿದ್ದೆ. ಹಾಗೇ ಇಳಿಸುತ್ತಲೇ ಇದ್ದೆ, ತಲೆ ಎತ್ತಲಿಲ್ಲ. ಆಮೇಲೆ ನೀನು ನಮ್ಮ ಮನೆಗೆ ಬರುವುದನ್ನು ಬಿಟ್ಟೆ. ಕೆಲಸ ಇದೆ ಎಂದು ಇಲ್ಸೆ ಹೇಳುತ್ತಿದ್ದಳು.

ಇನ್ನೂ ಒಂದಿದೆ. ಇದು ಗುರುತಿಗಿಂತ, ಆಫೀಸಿನ ಮಾತಿಗಿಂತ ಕೆಟ್ಟದ್ದು.

ಈ ಆಗಸ್ಟಿನಲ್ಲಿ ಆಸ್ಪತ್ರೆಯಲ್ಲಿ, ಉಸಿರಾಡಲು ಕಷ್ಟವಾಗಿದ್ದಾಗ, ಫಾನ್ ನನ್ನ ಕೈ ಹಿಡಿದು, "ವೆಸೆಲ್‌ನ ಕರೆಸು. ನನ್ನ ಮನಸ್ಸಲ್ಲಿ ಏನೂ ಇಲ್ಲ ಅಂತ ಅವನಿಗೆ ಹೇಳಬೇಕು" ಎಂದರು. ಅದು ಬುಧವಾರ. ಕರೆದಿದ್ದರೆ ನೀನು ಮೂರು ಗಂಟೆಯಲ್ಲಿ ಬರುತ್ತಿದ್ದೆ. ನಾನು, "ಅವನಿಗೆ ಕೆಲಸ ಇದೆ, ಭಾನುವಾರ ಬರ್ತಾನೆ" ಎಂದೆ. ಫೋನು ಮಾಡಲೇ ಇಲ್ಲ. ಸಾಯುತ್ತಿರುವ ಮನುಷ್ಯ ನಿನ್ನನ್ನು ಕ್ಷಮಿಸುತ್ತಾನೆ, ನೀನು ತಲೆ ಬಗ್ಗಿಸಿ ಅದನ್ನು ತೆಗೆದುಕೊಳ್ಳುತ್ತೀಯ, ನಾನು ಮಂಚದ ಆ ಕಡೆ ನಿಂತಿರುತ್ತೇನೆ. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಅಲ್ಲಿ ಬಾಯಿ ಬಿಡದೆ ಇರಲು ಆಗುತ್ತಿರಲಿಲ್ಲ ಎಂಬುದೇ ನಿಜವಾದ ಭಯ. ಶುಕ್ರವಾರ ಅವರು ಹೋದರು. ನಿನ್ನ ಕ್ಷಮೆ ಕೇಳಬೇಕಾದ ಮನೆಯ ಯಜಮಾನ, ನಿನ್ನನ್ನು ಕ್ಷಮಿಸಬೇಕೆಂಬ ಆಸೆ ಇಟ್ಟುಕೊಂಡು ಹೋದರು. ಆ ತಪ್ಪು ಕ್ಷಮೆಯನ್ನೂ ನಾನು ನಿನಗೆ ಸಿಗದಂತೆ ಮಾಡಿದೆ.

ಶವಪೆಟ್ಟಿಗೆ ಹೊರುವ ಆರು ಜನರಲ್ಲಿ ಡೆವಾಲ್ಡ್ ನಿನ್ನ ಹೆಸರು ಸೇರಿಸಲಿಲ್ಲ. ನೀನು ಕೊನೆಯ ಸಾಲಿನಲ್ಲಿ ಕುಳಿತಿದ್ದೆ. ಚಹಾ ಕೊಡುವಾಗ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದೆ: "ಅಪ್ಪ ನನ್ನ ಬಗ್ಗೆ ಏನಾದ್ರೂ ಅಂದ್ರಾ?"

"ಇಲ್ಲ" ಎಂದೆ. ನಿನಗೆ ಹೇಳಿದ್ದರಲ್ಲಿ ಇದು ಮಾತ್ರ ನೇರ ಸುಳ್ಳು.

ಮೊನ್ನೆ ಭಾನುವಾರ ಚರ್ಚಿನಿಂದ ಬಂದ ಮೇಲೆ ಡೆವಾಲ್ಡ್‌ನನ್ನು ಕೂರಿಸಿ ಎಲ್ಲವನ್ನೂ ಹೇಳಿದೆ.

"ಅತ್ತಿಗೆ, ಈಗ ಯಾಕೆ ಇದನ್ನ ಎತ್ತಬೇಕಿತ್ತು? ಅಣ್ಣ ಹೋದ. ಮುಗೀತಲ್ಲ."

"ವೆಸೆಲ್ ಹೋಗಿಲ್ಲವಲ್ಲ" ಎಂದೆ.

ಅವನು ಟೋಪಿ ತೆಗೆದುಕೊಂಡು ಎದ್ದ. ಬಾಗಿಲ ಹತ್ತಿರ, "ಅವನಿಗೆ ನಾನು ಏನೇನು ಅಂದಿದೀನಿ ಗೊತ್ತಾ ನಿಮಗೆ" ಎಂದ. ಗೊತ್ತು ಎಂದೆ. ಅವನು ನನ್ನ ಮುಖ ನೋಡಲಿಲ್ಲ.

ಸಂಜೆ ಇಲ್ಸೆಗೆ ಫೋನು ಮಾಡಿ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. "ಅವರು ಗ್ಯಾರೇಜಲ್ಲಿದಾರೆ, ನಾನು ಹೇಳಲಾ?" ಎಂದಳು. ಬೇಡ, ನಾನೇ ಕಾಗದ ಬರೆದು ಹಾಕುತ್ತೇನೆ ಎಂದೆ. "ಕಾಗದ ಬರೆದು ಟಪಾಲಿಗೆ ಹಾಕಬೇಡಿ. ತಂದು ಕೊಡಿ. ಅವರ ಮುಖ ನೋಡಿ ಕೊಡಿ" ಎಂದು ಫೋನು ಇಟ್ಟಳು. ನನ್ನ ಮಗಳು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

ಅದಕ್ಕೇ ಇದನ್ನು ಅಂಚೆಗೆ ಹಾಕುತ್ತಿಲ್ಲ. ಗುರುವಾರ ಬೆಳಗಿನ ಬಸ್ಸಿಗೆ ಪ್ರಿಟೋರಿಯಾಕ್ಕೆ ಬರುತ್ತಿದ್ದೇನೆ. ಹನ್ನೊಂದಕ್ಕೆ ಇಳಿಯುತ್ತೇನೆ. ನಿಲ್ದಾಣಕ್ಕೆ ಯಾರೂ ಬರುವುದು ಬೇಡ, ದಾರಿ ಕೇಳಿಕೊಂಡು ಬರುತ್ತೇನೆ. ಕಾಗದವನ್ನು ನಿನ್ನ ಕೈಗೆ ಕೊಟ್ಟು ಗೇಟಿನ ಹೊರಗೆ ಇರುತ್ತೇನೆ. ನೀನು ಓದಿ ಮುಗಿಸು. ಆಮೇಲೆ ಕಾರ್ಲಿನ್‌ಳನ್ನು ಕರೆ. ಅವಳಪ್ಪ ಏನನ್ನೂ ತಪ್ಪು ಬರೆಯಲಿಲ್ಲ, ಎರಡು ದಿನ ಅವಳಜ್ಜನ ಪಕ್ಕದಿಂದ ಕದಲಲಿಲ್ಲ ಎಂದು ಅವಳಿಗೆ ನನ್ನ ಬಾಯಿಂದಲೇ ಹೇಳಲು ಅಪ್ಪಣೆ ಕೊಡು. ಅಷ್ಟು ಹೇಳಿದ ಮೇಲೆ ನೀನು ಹೋಗು ಎಂದರೆ ಹೋಗುತ್ತೇನೆ. ಹಿಂದಿರುಗುವ ಬಸ್ಸು ಐದಕ್ಕೆ ಇದೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ.

ದೇವರು ನಿನ್ನನ್ನೂ ನಿನ್ನ ಮಗಳನ್ನೂ ಚೆನ್ನಾಗಿಟ್ಟಿರಲಿ.

ಇಲ್ಸೆಯ ತಾಯಿ,
ಆಲೆಟಾ